ಮಾರ್ಗರೆಟಕ್ಕನ ಮೂರು ಚುಕ್ಕಿ

ಐರ್ಲೆಂಡಿನಿಂದ ಬಂದ ಮೇಲೆ ಪುತ್ತೂರು ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: ಚಳಿ ಹೇಗಿತ್ತು? ಚಳಿ ಚಳಿಯ ಹಾಗೆಯೇ ಇತ್ತು. ಎರಡನೆಯ ಪ್ರಶ್ನೆ, ಊಟಕ್ಕೆ ಎಂತ ಮಾಡಿದಿರಿ? ಕುಚ್ಚಲಕ್ಕಿ ಕೊಂಡುಹೋಗಿದ್ದೆ. ಈ ಎರಡು ಉತ್ತರ ಕೊಟ್ಟು ನಾನು ಮಾತು ಬದಲಿಸುತ್ತೇನೆ. ಮೂರನೆಯದಾಗಿ "ಅಲ್ಲಿ ಎಂತ ನೋಡಿದಿರಿ?" ಅಂತ ಕೇಳಿಬಿಟ್ಟರೆ ಕಷ್ಟ. ನನಗೆ ಹೇಳಲು ಇರುವುದು ನೋಡಿದ್ದಲ್ಲ, ಮಾಡಿದ್ದು. ಬಾಯಲ್ಲಿ ಹೇಳಲು ನಾಚಿಕೆಯಾಗುತ್ತದೆ. ಫೋನಿನಲ್ಲಿ ಟೈಪು ಮಾಡುವಾಗ ಸ್ವಲ್ಪ ಕಡಿಮೆ. ಒಂದೊಂದೇ ಅಕ್ಷರ ಹುಡುಕಿ ಒತ್ತುವುದರಲ್ಲಿ ಮುಖ ಕೆಂಪು ಮಾಡಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ.

ನನ್ನ ಮೊಮ್ಮಗಳು ದೀಕ್ಷಾ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ರಜೆಯಲ್ಲಿ ಬಂದಿದ್ದಾಗ ಈ ಟೈಪು ಮಾಡುವುದನ್ನು ಕಲಿಸಿದವಳೂ ಅವಳೇ. ಕಲಿಸಿದ್ದಕ್ಕೆ ಅನುಭವಿಸಿದಳು. ಅವಳು ವಾಪಸು ಹೋದ ದಿನದಿಂದ "ನನ್ನನ್ನು ಯಾವಾಗ ಕರೆಸುವುದು?" ಅಂತ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬರೆದೆ. ಉತ್ತರ ಬರದಿದ್ದರೆ ಅಳುವ ಮುಖದ ಚಿತ್ರ ಹಾಕಿದೆ, ಒಂದಲ್ಲ, ಹನ್ನೆರಡು. ಕೊನೆಗೆ ಅವಳಿಗೆ ಸಾಕಾಗಿ ಆರು ವಾರಕ್ಕೆ ಕರೆಸಿದಳು.

ಊರಿನ ಹೆಸರು ಬರೆಯುವುದಿಲ್ಲ. ಆ ಊರಿಗೆ ನನ್ನಿಂದ ಆದದ್ದು ಸಾಕು. ಅಲ್ಲಿಯವರು ಆಡಿದ್ದನ್ನೆಲ್ಲ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ನನ್ನದು ಎಸ್ಸೆಸ್ಸೆಲ್ಸಿ ಇಂಗ್ಲಿಷು. ಅರ್ಧ ನನಗೆ ತಿಳಿದದ್ದು, ಇನ್ನರ್ಧ ದೀಕ್ಷಾ ತಿಳಿಸಿದ್ದು.

ಮೊದಲ ವಾರ, ಬಸ್ಸು

ಊರು ನಮ್ಮ ಪುತ್ತೂರಿನಷ್ಟೇ ದೊಡ್ಡದು. ಜನ ಮಾತ್ರ ಎಲ್ಲಿ ಅಡಗಿದ್ದಾರೋ ತಿಳಿಯದು. ಪೇಟೆಯ ನಡುವೆ ಒಂದು ಚೌಕ, ಸುತ್ತ ಅಂಗಡಿಗಳು, ಒಂದು ಮದ್ದಿನ ಅಂಗಡಿ, ಅದರ ಎದುರೇ ಬಸ್ಸು ನಿಲ್ಲುವ ಜಾಗ. ಚೌಕದ ಹಿಂದೆ ಒಂದು ಹೊಳೆ. ಹೊಳೆಯೆಂದರೆ ಉಪ್ಪಿನಂಗಡಿಯ ಸಂಗಮ ನೋಡಿದವರಿಗೆ ನಗು ಬರುವಂಥದ್ದು, ಸೀರೆ ಎತ್ತಿ ಹಿಡಿದರೆ ದಾಟಬಹುದು. ಸೇತುವೆ ದಾಟಿ ಏರು ಹತ್ತಿದರೆ ಕಾರು ನಿಲ್ಲಿಸುವ ಬಯಲು.

ಆ ಊರಿನ ಬಸ್ಸಿನಲ್ಲಿ ಇಳಿಯುವವರೆಲ್ಲ ಡ್ರೈವರನಿಗೆ "ಥ್ಯಾಂಕ್ಯೂ" ಹೇಳಿ ಇಳಿಯುತ್ತಾರೆ. ಶಾಲೆಯ ಮಕ್ಕಳು, ಕೆಲಸದವರು, ನಾಯಿ ಹಿಡಿದುಕೊಂಡವರು, ಎಲ್ಲರೂ. ಮೊದಲ ದಿನ ನಾನು ಅದನ್ನೇ ನೋಡುತ್ತಾ ಕೂತು ಇಳಿಯುವುದನ್ನೇ ಮರೆತೆ. ಬಸ್ಸು ಕೊನೆಯ ನಿಲ್ದಾಣಕ್ಕೆ ಹೋಗಿ ನಿಂತಿತು. ಡ್ರೈವರ್ ಹಿಂದೆ ತಿರುಗಿ ನೋಡಿದ. ನಾನು ಎದ್ದು ನಿಂತು ಗಂಭೀರವಾಗಿ "ಥ್ಯಾಂಕ್ಯೂ" ಅಂದೆ, ಮತ್ತೆ ಅದೇ ಸೀಟಿನಲ್ಲಿ ಕೂತೆ. ಅವನು ನನ್ನನ್ನು ವಾಪಸು ತಂದು ಚೌಕದಲ್ಲಿ ಬಿಟ್ಟ. ಊರಿಗೆ ಬಂದ ಮೇಲೆ ನಮ್ಮ ಪುತ್ತೂರಿನ ಹತ್ತಿರದ ಕಬಕದಲ್ಲಿ ಇಳಿಯುವಾಗ ಒಮ್ಮೆ ನಾನೂ ಹೀಗೆ ಹೇಳಿ ನೋಡಿದೆ. ಕಂಡಕ್ಟರ್ ಗಾಬರಿಯಾಗಿ, "ಎಂತ ಅಜ್ಜಿ, ಚೀಲ ಬಿಟ್ರಾ?" ಅಂತ ಸೀಟಿನ ಅಡಿ ಬಗ್ಗಿ ನೋಡಿದ.

ಇನ್ನೊಂದು ಸುಖ ರಸ್ತೆ ದಾಟುವುದು. ಬಿಳಿ ಪಟ್ಟಿಯ ಮೇಲೆ ಒಂದು ಕಾಲು ಇಟ್ಟರೆ ಸಾಕು, ಎರಡೂ ಕಡೆಯ ಕಾರುಗಳು ನಿಲ್ಲುತ್ತವೆ. ನನ್ನ ಜೀವಮಾನದಲ್ಲಿ ಯಾವ ವಾಹನವೂ ನನಗಾಗಿ ನಿಂತದ್ದಿಲ್ಲ. ಒಂದು ಮಧ್ಯಾಹ್ನ ಕೆಲಸವಿಲ್ಲದೆ ಆರು ಸಲ ಆಚೆ ಈಚೆ ದಾಟಿದೆ. ಏಳನೆಯ ಸಲಕ್ಕೆ ದೀಕ್ಷಾ ಬಂದು ಕೈ ಹಿಡಿದು ಎಳೆದುಕೊಂಡು ಹೋದಳು. "ಅಜ್ಜಿ, ಅವರಿಗೆ ಕೆಲಸ ಉಂಟು! ನೀವು ಹೀಗೆ ಕುಶಾಲು ಮಾಡಿದ್ರೆ ನಾಳೆಯಿಂದ ನಿಲ್ಲಿಸುದಿಲ್ಲ." ಆವತ್ತು ನಗೆಯಾಡಿದೆ.

ಕೆಳಗಿನ ಮನೆ

ದೀಕ್ಷಾ ಇರುವುದು ಮಹಡಿಯಲ್ಲಿ. ಕೆಳಗೆ ಮಾರ್ಗರೆಟ್ ಎಂಬ ಹೆಂಗಸು, ಎಂಬತ್ತನಾಲ್ಕು ವರ್ಷ, ಒಬ್ಬಳೇ. ನನಗಿಂತ ಹದಿಮೂರು ವರ್ಷ ದೊಡ್ಡವಳು, ಹಾಗಾಗಿ ಮೊದಲ ದಿನವೇ ಮಾರ್ಗರೆಟಕ್ಕ ಅಂತ ಕರೆದೆ. "ಅಕ್ಕ ಅಂದರೇನು?" ಅಂತ ಕೇಳಿದಳು. ತಿಳಿಸಿದೆ. "ನನಗೆ ತಂಗಿಯಂದಿರೇ ಇರಲಿಲ್ಲ, ಅಡ್ಡಿಯಿಲ್ಲ," ಅಂದಳು.

ನಾಲ್ಕು ಚಕ್ರದ ಒಂದು ಗಾಡಿ ಹಿಡಿದು ನಡೆಯುತ್ತಾಳೆ. ಗುರುವಾರ ತಲೆಗೂದಲು ಸರಿಮಾಡಿಸಲು, ಭಾನುವಾರ ಇಗರ್ಜಿಗೆ, ನಡುವೆ ಒಮ್ಮೆ ಮದ್ದಿಗೆ. ಮನೆಯೆದುರು ಬಸ್ಸು ಹತ್ತಿ ಚೌಕದಲ್ಲಿ ಇಳಿಯುವುದು, ಅಲ್ಲಿಂದ ಎಲ್ಲವೂ ಇಪ್ಪತ್ತು ಹೆಜ್ಜೆಯ ಒಳಗೆ. ದಿನಾ ಹನ್ನೊಂದಕ್ಕೆ ನನಗೆ ಅವಳ ಮನೆಯಲ್ಲಿ ಚಾ. ಅವಳ ಚಾ ಎಂದರೆ ಬಣ್ಣದ ನೀರು. ಒಂದು ದಿನ ನಾನು ಶುಂಠಿ ಜಜ್ಜಿ ಕುದಿಸಿದ ಚಾ ಕೊಟ್ಟೆ. ಒಂದು ಗುಟುಕು ಕುಡಿದು ಎದೆ ಹಿಡಿದುಕೊಂಡಳು. ಸತ್ತೇ ಹೋದಳು ಅಂತ ನನಗೆ ಹೆದರಿಕೆ. ಆಮೇಲೆ ಲೋಟ ಮುಂದೆ ಮಾಡಿ, "ಇನ್ನೂ ಉಂಟಾ?" ಅಂದಳು.

ಎರಡನೆಯ ವಾರ ಮನೆಮನೆಗೆ ಒಂದು ಕಾಗದ ಬಂತು. ಪೇಟೆಯ ಚೌಕವನ್ನು ಹೊಸದಾಗಿ ಮಾಡುತ್ತಾರಂತೆ. ಹೇಗೆ ಮಾಡಬೇಕು ಅಂತ ಊರಿನವರೇ ಹೇಳಬೇಕಂತೆ. ಶುಕ್ರವಾರ, ಶನಿವಾರ ಪುರಭವನದಲ್ಲಿ ಚಿತ್ರಗಳನ್ನು ಇಟ್ಟಿರುತ್ತಾರೆ, ಬಂದು ಅಭಿಪ್ರಾಯ ಕೊಡಿ ಅಂತ. ಮಾರ್ಗರೆಟಕ್ಕನಿಗೆ ಆ ವಾರ ಎದೆಯಲ್ಲಿ ಕಫ, ಹೊರಗೆ ಹೋಗಬಾರದು ಅಂತ ದೀಕ್ಷಾ ಕಟ್ಟುನಿಟ್ಟು ಮಾಡಿದ್ದಳು.

"ನೀನು ಹೋಗು," ಅಂದಳು ಮಾರ್ಗರೆಟಕ್ಕ. "ಎಂತೆಲ್ಲ ಉಂಟು ಅಂತ ನೋಡಿ ಬಂದು ನನಗೆ ಹೇಳು."

ನೋಡಿ ಬಂದು ಹೇಳು. ಅವಳು ಹೇಳಿದ್ದು ಇಷ್ಟೇ. ನಾನು ನೂರು ಸಲ ನೆನಪು ಮಾಡಿಕೊಂಡಿದ್ದೇನೆ.

ಶುಕ್ರವಾರ, ಪುರಭವನ

ಸಭೆ ಎಂದರೆ ವೇದಿಕೆ, ಶಾಲು, ಸ್ವಾಗತ ಭಾಷಣ, ಅಧ್ಯಕ್ಷರು ಬರುವವರೆಗೆ ಕಾಯುವುದು. ನಾನು ಅದಕ್ಕೆ ತಯಾರಾಗಿಯೇ ಒಳ್ಳೆಯ ಸೀರೆ ಉಟ್ಟು ಹೋಗಿದ್ದೆ. ಅಲ್ಲಿ ವೇದಿಕೆಯೇ ಇಲ್ಲ. ದೊಡ್ಡ ಕೋಣೆಯಲ್ಲಿ ಗೋಡೆಗೆ ಎರಡು ಚಿತ್ರ, ಒಂದೊಂದೂ ಬಾಗಿಲಿನಷ್ಟು ದೊಡ್ಡದು. ಜನ ಬರುತ್ತಾರೆ, ನೋಡುತ್ತಾರೆ, ಪಕ್ಕದವರ ಜೊತೆ ಜಗಳದ ಹಾಗೆ ಮಾತಾಡುತ್ತಾರೆ, ಬಿಸ್ಕತ್ತು ತಿನ್ನುತ್ತಾರೆ. ಮಾಂಸದ ಅಂಗಡಿಯವನು ಎಪ್ರನ್ ಹಾಕಿಕೊಂಡೇ ಬಂದಿದ್ದ. ಒಬ್ಬಳು ಹೆಂಗಸು ಒಂದು ಬೆಂಚು ಆಚೆ ಇರಬೇಕೋ ಈಚೆ ಇರಬೇಕೋ ಅಂತ ಕಾಲು ಗಂಟೆ ವಾದಿಸಿದಳು, ನಡುವಯಸ್ಸಿನ ಒಬ್ಬ ಅಧಿಕಾರಿ ಅದನ್ನು ಬರೆದುಕೊಂಡ. ಬೆಂಚಿಗೆ!

ಮೇಜಿನ ಹಿಂದೆ ನೋರಾ ಎಂಬ ಹುಡುಗಿ. ಈ ಕೆಲಸದ ಹೊಣೆ ಅವಳದ್ದು. ಎರಡು ತಿಂಗಳಿಂದ ಮನೆಮನೆ ತಿರುಗಿ ಜನರನ್ನು ಒಪ್ಪಿಸಿ ಕರೆಸಿದ್ದಳಂತೆ. "ನೀವು ಈ ಊರಿನಲ್ಲಿ ಇರುವವರಾ?" ಅಂತ ಕೇಳಿದಳು.

"ಹೌದು," ಅಂದೆ. ಆರು ವಾರ ಇರುವುದೂ ಇರುವುದೇ ಅಲ್ಲವೇ ಅಂತ ನನ್ನ ಲೆಕ್ಕ.

ಅವಳು ಏನೂ ಪರೀಕ್ಷೆ ಮಾಡಲಿಲ್ಲ. ಒಂದು ಹಾಳೆ ಕೊಟ್ಟಳು. ಅದರಲ್ಲಿ ಮೂರು ಹಸಿರು ಚುಕ್ಕಿ, ನಮ್ಮ ಹಣೆಗೆ ಅಂಟಿಸುವ ಬೊಟ್ಟಿನಂಥದ್ದು. ಒಬ್ಬರಿಗೆ ಮೂರು. ಯಾವ ಚಿತ್ರ ಬೇಕೋ ಅದರ ಮೇಲೆ ಅಂಟಿಸುವುದು. ಮೂರೂ ಒಂದಕ್ಕೇ ಹಾಕಬಹುದು, ಹಂಚಿಯೂ ಹಾಕಬಹುದು.

"ನನ್ನ ಮೊಮ್ಮಗಳು ಡ್ಯೂಟಿಯಲ್ಲಿದ್ದಾಳೆ, ಕೆಳಮನೆಯ ಮಾರ್ಗರೆಟಕ್ಕನಿಗೆ ಹುಷಾರಿಲ್ಲ," ಅಂದೆ.

"ಅಯ್ಯೋ, ಹೌದಾ? ಅವರಿಗೂ ಕೊಂಡುಹೋಗಿ ಕೊಡಿ," ಅಂತ ಇನ್ನೆರಡು ಹಾಳೆ ಕೈಗಿಟ್ಟಳು. "ಎಲ್ಲಿ ಹಾಕಬೇಕು ಅಂತ ಅವರು ಹೇಳಲಿ. ನಾಳೆ ನಾಲ್ಕು ಗಂಟೆಯ ಒಳಗೆ ಯಾರಾದರೂ ತಂದು ಅಂಟಿಸಿದರೆ ಆಯಿತು."

ಎಡಗಡೆಯ ಚಿತ್ರ ನೋಡಿ ನಾನು ಮರುಳಾದೆ. ಚೌಕದ ತುಂಬ ಮರಗಳು, ನಡುವೆ ಕಾರಂಜಿ, ಮಕ್ಕಳು ನೀರಿನಲ್ಲಿ ಕೈಯಾಡಿಸುತ್ತಿದ್ದಾರೆ, ಒಂದು ವಾಹನವೂ ಇಲ್ಲ. ಬಲಗಡೆಯದರಲ್ಲಿ ನಾಲ್ಕೇ ಮರ, ಕಾರಂಜಿ ಇಲ್ಲ, ಬಸ್ಸು ನಿಂತಿದೆ, ಜನ ಚೀಲ ಹಿಡಿದು ಕಾಯುತ್ತಿದ್ದಾರೆ. ಚೀಲ ಹಿಡಿದು ಬಸ್ಸು ಕಾಯುವುದನ್ನು ನೋಡಲು ನಾನು ಕಡಲು ದಾಟಿ ಬರಬೇಕೇ? ಎಡದ ಚಿತ್ರದಲ್ಲಿ ಬಸ್ಸು ಯಾಕಿಲ್ಲ ಅಂತ ಒಮ್ಮೆಯೂ ಯೋಚಿಸಲಿಲ್ಲ. ಬರೆದವನಿಗೆ ಬಸ್ಸು ಬರೆಯಲು ಬೇಸರವಾಗಿರಬೇಕು ಅಂದುಕೊಂಡೆ. ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಇತ್ತು. ಕನ್ನಡಕ ಮನೆಯಲ್ಲಿತ್ತು.

ನನ್ನ ಮೂರು ಹಾಕಿದೆ. ದೀಕ್ಷಾಳ ಹಾಳೆ ತೆಗೆದೆ. ಮನೆಗೆ ಒಯ್ಯುವುದು, ಮತ್ತೆ ತರುವುದು, ಯಾಕೆ ಎರಡೆರಡು ತಿರುಗಾಟ? ಅವಳ ಮೂರನ್ನೂ ಹಾಕಿದೆ. ಆಮೇಲೆ ಮಾರ್ಗರೆಟಕ್ಕನದು. ವಯಸ್ಸಾದವರಿಗೆ ಮರದ ನೆರಳು, ನೀರಿನ ಸದ್ದು, ಇದಕ್ಕಿಂತ ಹೆಚ್ಚು ಎಂತ ಬೇಕು? ಅದೂ ಎಡಕ್ಕೇ.

ಒಂಬತ್ತನ್ನೂ ಒಂದೇ ಕಡೆ ಹಾಕಲಿಲ್ಲ, ಅಷ್ಟು ದಡ್ಡಿಯಲ್ಲ ನಾನು. ಒಂದು ಮರದ ತುದಿಗೆ, ಒಂದು ಕಾರಂಜಿಗೆ, ಒಂದು ಅಂಗಡಿಯ ಹಂಚಿನ ಮಾಡಿಗೆ. ಕೆಲವನ್ನು ಬೇರೆಯವರ ಚುಕ್ಕಿಯ ಗುಂಪಿನೊಳಗೆ ಸೇರಿಸಿದೆ. ಒಂದೇ ಕೈಯದ್ದು ಅಂತ ದೇವರಿಗೂ ತಿಳಿಯದ ಹಾಗೆ. ನೋರಾ ಆಚೆ ಯಾರಿಗೋ ಚಾ ಬಗ್ಗಿಸುತ್ತಿದ್ದಳು. ನಾನು ಎರಡು ಬಿಸ್ಕತ್ತು ತೆಗೆದುಕೊಂಡು ಮನೆಗೆ ಬಂದೆ.

ಅದೇ ಸಂಜೆ

"ನಿನ್ನ ಕೆಲಸ ಮುಗಿಸಿ ಬಂದೆ ಅಕ್ಕ!" ಅಂತ ಬಾಗಿಲಿನಿಂದಲೇ ಕೂಗಿದೆ. ಕಾರಂಜಿಯನ್ನು ಕೈಯಲ್ಲಿ ಹಾರಿಸಿ ತೋರಿಸಿದೆ, ಮರಗಳನ್ನು ನಿಲ್ಲಿಸಿದೆ.

ಮಾರ್ಗರೆಟಕ್ಕ ಕೇಳುತ್ತಾ ಇದ್ದಳು. "ಮತ್ತೆ ಬಸ್ಸು?" ಅಂದಳು.

"ಬಸ್ಸು ಇಲ್ಲ, ಎಂತ ಶಾಂತಿ!"

ಅವಳು ಚಾದ ಕಪ್ಪನ್ನು ತಟ್ಟೆಗೆ ಇಟ್ಟಳು. ಸದ್ದಾಗದ ಹಾಗೆ ಇಟ್ಟಳು. ಆಮೇಲೆ ನನ್ನ ಕೈ ತಟ್ಟಿ, "ಇರಲಿ ಬಿಡು, ನಿನಗೆ ಗೊತ್ತಿರಲಿಲ್ಲ," ಅಂದಳು.

ಡ್ಯೂಟಿ ಮುಗಿಸಿ ಬಂದ ದೀಕ್ಷಾ ಕಾಗದ ಓದಿ ಹೇಳಿದ ಮೇಲೆ ನನಗೆ ತಿಳಿಯಿತು. ಎಡದ ಚಿತ್ರ ಗೆದ್ದರೆ ಬಸ್ಸು ನಿಲ್ಲುವ ಜಾಗ ಹೊಳೆಯಾಚೆಯ ಬಯಲಿಗೆ ಹೋಗುತ್ತದೆ. ಅಲ್ಲಿಂದ ಚೌಕಕ್ಕೆ ಸೇತುವೆ, ಇಳಿಜಾರು, ಬರುವಾಗ ಅದೇ ಏರು. ನಾಲ್ಕು ಚಕ್ರದ ಗಾಡಿ ಹಿಡಿದ ಎಂಬತ್ತನಾಲ್ಕು ವರ್ಷದವಳು ಆ ಏರು ಹತ್ತಲಾರಳು. ಗುರುವಾರ, ಭಾನುವಾರ, ಮದ್ದು, ಎಲ್ಲ ಮುಗಿದ ಹಾಗೆ. ಮನೆಯೊಳಗೇ ಕೂರಬೇಕು.

"ನನ್ನದೂ ಹಾಕಿದ್ದಾ ನೀವು?" ದೀಕ್ಷಾ ಚಪ್ಪಲಿ ಬಿಚ್ಚುವುದನ್ನೂ ಬಿಟ್ಟು ನಿಂತಳು. "ನಾನು ಆಸ್ಪತ್ರೆಗೆ ಹೋಗುದೇ ಆ ಬಸ್ಸಲ್ಲಿ ಅಲ್ಲಾ ಅಜ್ಜಿ! ಇದು ಎಂತ ಗೊತ್ತುಂಟಾ? ಕಳ್ಳ ವೋಟು!"

"ಅಷ್ಟು ದೊಡ್ಡ ಮಾತು ಎಂತಕ್ಕೆ? ಒಂದು ಬೊಟ್ಟು ಅಂಟಿಸಿದ್ದು. ಮನೆಯವರದ್ದು ಮನೆಯವರು ಹಾಕಿದ್ದು."

"ಮಾರ್ಗರೆಟ್ ಯಾವ ಮನೆಯವ್ರು?"

ನಾನು ಎದ್ದು ಬಚ್ಚಲಿನ ಕಡೆ ಹೊರಟೆ.

"ಕೇಳಿದ್ರಾ ಅವ್ರ ಹತ್ರ? ಒಂದು ಮಾತು ಕೇಳಿದ್ರಾ?"

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟೆ. ಮುಖ ತೊಳೆಯಲು ಅಂತ ಬಿಟ್ಟದ್ದು, ತೊಳೆಯದೆ ಸುಮ್ಮನೆ ನಿಂತೆ.

ನಡುವೆ ಒಮ್ಮೆ ಪುತ್ತೂರಿಗೆ

ಇಲ್ಲಿ ಪ್ರಯಾಣ ನಿಲ್ಲಿಸಿ ಒಮ್ಮೆ ನಮ್ಮ ಬೀದಿಗೆ ಬರಬೇಕು. ಇಲ್ಲದಿದ್ದರೆ ನನಗೆ ಈ ಅಭ್ಯಾಸ ಎಲ್ಲಿಂದ ಬಂತು ಅಂತ ಓದುವವರಿಗೆ ಗೊತ್ತಾಗದು.

ನಮ್ಮ ಬೀದಿಯವರದ್ದೇ ಒಂದು ಸಮಿತಿ ಉಂಟು. ಸರಕಾರದ್ದಲ್ಲ, ನಾವೇ ಕಟ್ಟಿಕೊಂಡದ್ದು. ನಾನು ಕಾರ್ಯದರ್ಶಿ, ನಿರ್ಣಯ ಬರೆಯುವ ಪುಸ್ತಕ ಇರುವುದು ನಮ್ಮ ಮನೆಯಲ್ಲೇ. ಹದಿನೈದು ಜನರ ಸಹಿ ಇದ್ದರೆ ಮಾತ್ರ ನಿರ್ಣಯ ಆಗುವುದು ಅಂತ ನಾವೇ ನಿಯಮ ಮಾಡಿದ್ದು. ಹದಿನೈದು ಜನ ಯಾವತ್ತೂ ಬರುವುದಿಲ್ಲ. ಬಂದವರು ಗೋಳಿಬಜೆ ತಿಂದು ಹೋದ ಮೇಲೆ ಕಡಿಮೆ ಬಿದ್ದ ಸಹಿಗಳನ್ನು ನಾನು ಹಾಕುತ್ತಿದ್ದೆ. "ನನ್ನದೂ ಒಂದು ಹಾಕಿ ಬಿಡಿ ಕುಸುಮಕ್ಕ" ಅಂತ ಕೆಲವರು ಫೋನು ಮಾಡುತ್ತಿದ್ದರು. ಮಾಡದವರದ್ದನ್ನೂ ಹಾಕುತ್ತಿದ್ದೆ. ಅದರಲ್ಲಿ ನನಗೆ ಹೆಸರೇ ಉಂಟು. ಮೂರು ಬಣ್ಣದ ಪೆನ್ನು, ಎರಡು ಕೈ. ಬಲಗೈಯಲ್ಲಿ ದುಂಡಗೆ, ಎಡಗೈಯಲ್ಲಿ ಓರೆಯಾಗಿ. "ಕುಸುಮಕ್ಕ ಒಬ್ಬರು ಬಂದರೆ ಅರ್ಧ ಸಭೆ ಬಂದ ಹಾಗೆ" ಅಂತ ನಗೆಯಾಡುವರು. ನಾನೂ ನಗುತ್ತಿದ್ದೆ.

ನಮ್ಮ ಬೀದಿ ಏರು. ಏರಿನ ಅರ್ಧದಲ್ಲಿ, ನಮ್ಮ ಗೇಟಿನಿಂದ ನಾಲ್ಕು ಮಾರು ಕೆಳಗೆ, ಕೆಂಪುಕಲ್ಲಿನ ಒಂದು ಕಟ್ಟೆ ಇತ್ತು. ಮೇಲಿನ ಮನೆಯ ಐಸಮ್ಮ ಪೇಟೆಯಿಂದ ಮೀನು ತರಕಾರಿ ಹಿಡಿದು ಬರುವಾಗ ಅಲ್ಲಿ ಕೂತು ಉಸಿರು ತೆಗೆದುಕೊಳ್ಳುವುದು. ಗಂಡನಿಗೆ ಪೇಟೆಯಲ್ಲಿ ನೀರುಳ್ಳಿ ವ್ಯಾಪಾರ ಇತ್ತು. ಅವರು ಹೋದ ಮೇಲೆ ಪೇಟೆಯ ಕೆಲಸವೆಲ್ಲ ಐಸಮ್ಮನದ್ದೇ. ಆಸ್ತಮಾ ಬೇರೆ. ಎರಡು ವರ್ಷದ ಹಿಂದೆ ಬೀದಿ ಚಂದ ಮಾಡಬೇಕು, ಕಾರು ತಿರುಗಿಸಲು ಜಾಗ ಬೇಕು ಅಂತ ಕಟ್ಟೆ ತೆಗೆದು ಹೂವಿನ ಕುಂಡ ಇಡುವ ನಿರ್ಣಯ ಆಯಿತು. "ಹಾಜರಿದ್ದ ಸರ್ವರೂ ಒಮ್ಮತದಿಂದ ಒಪ್ಪಿದರು" ಅಂತ ಪುಸ್ತಕದಲ್ಲಿ ಬರೆದೆ. ಐಸಮ್ಮ ಬಂದಿರಲಿಲ್ಲ. ಅವಳ ಸಹಿ ಎಡಗೈಯದ್ದು.

ಕಟ್ಟೆ ಹೋದ ಮೇಲೆ ಅವಳು ಎಲ್ಲಿ ಕೂರುವುದು? "ನಮ್ಮ ಗೇಟಿನ ಮೆಟ್ಟಿಲಲ್ಲಿ ಕೂತುಕೊಳ್ಳಿ ಐಸಮ್ಮ, ಎಂತ ಸಂಕೋಚ?" ಅಂತ ದೊಡ್ಡ ಮನಸ್ಸು ಮಾಡಿದೆ. ಕೆಲವು ದಿನ ಚಾ ಕೂಡ ಕೊಟ್ಟೆ. ಅವಳು "ನಿಮ್ಮ ಉಪಕಾರ ಕುಸುಮಕ್ಕ" ಅನ್ನುತ್ತಿದ್ದಳು. ಎರಡು ವರ್ಷ ನಾನು ಆ ಉಪಕಾರದ ಮಾತನ್ನು ಸ್ವೀಕರಿಸಿದ್ದೇನೆ.

ಶನಿವಾರ

ಮರುದಿನ ಎರಡು ಗಂಟೆಗೆ ದೀಕ್ಷಾಳನ್ನು ಕರೆದುಕೊಂಡು ಪುರಭವನಕ್ಕೆ ಹೋದೆ. ಅವಳೇ ಹೊರಡಿಸಿದ್ದಲ್ಲ, ನಾನೇ ಹೊರಟದ್ದು ಅಂತ ಬರೆಯಲು ಆಸೆ. ಅರ್ಧ ಅವಳು ತಳ್ಳಿದ್ದು.

ದಾರಿಯುದ್ದಕ್ಕೂ ನನ್ನ ಉಪಾಯ ಹೀಗಿತ್ತು: ಯಾರೂ ನೋಡದಾಗ ನನ್ನ ಒಂಬತ್ತನ್ನು ಉಗುರಿನಲ್ಲಿ ಕಿತ್ತು ಬಲಗಡೆಗೆ ಹಾಕುವುದು. ಹೇಳುವುದೂ ಬೇಡ, ಕೇಳುವುದೂ ಬೇಡ. ಒಳಗೆ ಹೋಗಿ ನೋಡಿದರೆ ಎರಡೂ ಚಿತ್ರ ಹಸಿರೋ ಹಸಿರು. ಮರದ ತುದಿಯಲ್ಲಿ ಹನ್ನೆರಡು, ಕಾರಂಜಿಯಲ್ಲಿ ಲೆಕ್ಕವೇ ಇಲ್ಲ. ಯಾವುದು ನನ್ನದು? ನಿನ್ನೆ ಅಷ್ಟು ಜಾಣತನದಲ್ಲಿ ಅಡಗಿಸಿದ್ದನ್ನು ಇವತ್ತು ನನಗೇ ಹುಡುಕಲು ಆಗಲಿಲ್ಲ. ಎಡದ ಚಿತ್ರದ ಮುಂದೆ ಮೂಗು ತಾಗಿಸಿ ನಿಂತಿದ್ದೆ. ಹಿಂದಿನಿಂದ ನೋರಾ, "ಮತ್ತೆ ಬಂದಿರಾ! ಚಿತ್ರ ಅಷ್ಟು ಇಷ್ಟವಾಯಿತಾ?" ಅಂದಳು.

ಹೇಳಿದೆ. ನನ್ನ ಇಂಗ್ಲಿಷು ಅರ್ಧ ದಾರಿಯಲ್ಲಿ ಕೈಕೊಟ್ಟಿತು. ಮುಂದಿನದನ್ನು ದೀಕ್ಷಾ ತಲೆ ತಗ್ಗಿಸಿಕೊಂಡು ಹೇಳಿದಳು. ಅವಳು ಆ ಊರಿನಲ್ಲಿ ಬಾಳಬೇಕಾದವಳು. ಅದನ್ನು ನಾನು ಮೊದಲು ಯೋಚಿಸಿರಲಿಲ್ಲ.

ನೋರಾ ಕುರ್ಚಿಯಲ್ಲಿ ಕೂತಳು. "ಯಾವ ಒಂಬತ್ತು ಅಂತ ತೋರಿಸ್ತೀರಾ?"

"ಗೊತ್ತಾಗುದಿಲ್ಲ," ಅಂದೆ. "ಗೊತ್ತಾಗದ ಹಾಗೆಯೇ ಹಾಕಿದ್ದು."

ಅವಳು ಎದ್ದು ಎಲ್ಲರಿಗೂ ಕೇಳುವಂತೆ ಹೇಳಿದಳು. ನನ್ನ ಹೆಸರು ಹೇಳಲಿಲ್ಲ. ಸೀರೆ ಉಟ್ಟವಳು ಕೋಣೆಯಲ್ಲಿ ಒಬ್ಬಳೇ ಇದ್ದ ಮೇಲೆ ಹೆಸರು ಎಂತಕ್ಕೆ?

ಮಾಂಸದ ಅಂಗಡಿಯವನು, "ಒಂಬತ್ತು ಕಿತ್ತು ಹಾಕಿ, ಮುಗೀತು," ಅಂದ.

"ಯಾವ ಒಂಬತ್ತು? ನನ್ನದನ್ನೇ ಕಿತ್ತರೆ?" ಅಂದಳು ಬೆಂಚಿನ ಹೆಂಗಸು.

"ಇವರದ್ದು ಇವರೇ ಬಂದು ಹೇಳಿದ್ರು, ಗೊತ್ತಾಯ್ತು. ಹೇಳದವರದ್ದು ಎಷ್ಟುಂಟೋ?" ಅಂದ ಇನ್ನೊಬ್ಬ.

ಆಗ ಆದದ್ದನ್ನು ನಾನು ಮರೆಯಲಾರೆ. ಜನ ಒಬ್ಬರನ್ನೊಬ್ಬರು ನೋಡಿದರು. ಅಲ್ಲಿಯವರೆಗೆ ಜಗಳ ಆಡುತ್ತಿದ್ದರು, ಬೆಂಚಿಗೆ, ಮರಕ್ಕೆ. ಆದರೆ ಹೀಗೆ ನೋಡಿರಲಿಲ್ಲ. ನೀನೂ ಹಾಕಿದ್ದೀಯಾ ಅನ್ನುವ ಹಾಗೆ. ಆ ನೋಟವನ್ನು ನಾನು ನಮ್ಮೂರಿನಿಂದ ಕುಚ್ಚಲಕ್ಕಿಯ ಜೊತೆ ಕಟ್ಟಿಕೊಂಡು ಹೋಗಿ ಅಲ್ಲಿ ಹಂಚಿ ಬಂದಂತಾಯಿತು.

ನೋರಾ ಎರಡು ಚಿತ್ರವನ್ನೂ ಗೋಡೆಯಿಂದ ಇಳಿಸಿ ಸುರುಳಿ ಸುತ್ತಿದಳು. ಮುಂದಿನ ಶನಿವಾರ ಹೊಸದಾಗಿ ಆಗುತ್ತದೆ, ಈ ಸಲ ಹೆಸರಿನ ಪಟ್ಟಿ ಇರುತ್ತದೆ, ಹೆಸರಿಗೆ ಗುರುತು ಹಾಕಿಯೇ ಚುಕ್ಕಿ ಕೊಡುವುದು ಅಂದಳು. ಸುರುಳಿಗೆ ರಬ್ಬರು ಹಾಕಿ ಮೇಜಿನ ಅಡಿಗೆ ತಳ್ಳಿದಳು. ನಾವು ಹೊರಡುವಾಗ ಬಾಗಿಲವರೆಗೆ ಬಂದು, "ಬಂದು ಹೇಳಿದ್ದಕ್ಕೆ ಥ್ಯಾಂಕ್ಯೂ," ಅಂದಳು. ಬೈದಿದ್ದರೆ ಒಳ್ಳೆಯದಿತ್ತು. ಬೈಗುಳಕ್ಕೆ ನನ್ನ ಹತ್ತಿರ ಉತ್ತರ ಉಂಟು.

ಫೋನು

ಎರಡು ದಿನ ಬಿಟ್ಟು ಐಸಮ್ಮನಿಗೆ ವೀಡಿಯೊ ಕಾಲ್ ಮಾಡಿದೆ. ಅವಳು ಫೋನನ್ನು ಯಾವಾಗಲೂ ಕಿವಿಗೆ ಹಿಡಿಯುವುದರಿಂದ ನನಗೆ ಕಾಣುವುದು ಅವಳ ಕಿವಿಯ ಓಲೆ ಮಾತ್ರ. ಆ ದಿನ ಅದು ಒಳ್ಳೆಯದಾಯಿತು. ಓಲೆಗೆ ಹೇಳಿದೆ: ಕಟ್ಟೆಯ ನಿರ್ಣಯದಲ್ಲಿ ನಿಮ್ಮ ಸಹಿ ನಾನು ಹಾಕಿದ್ದು.

"ನಂಗೆ ಗೊತ್ತುಂಟಲ್ಲ ಕುಸುಮಕ್ಕ."

"ಹೇಗೆ?"

"ನನ್ನ ಮಗಳು ನಿಮ್ಮಲ್ಲಿ ಸಮಿತಿಯ ಪುಸ್ತಕ ನೋಡಿ ಬಂದು ಕೇಳಿದ್ಳು, ಉಮ್ಮಾ, ನೀನು ಸಹಿ ಹಾಕ್ಲಿಕ್ಕೆ ಯಾವಾಗ ಕಲ್ತದ್ದು ಅಂತ. ನನ್ನದು ಹೆಬ್ಬೆಟ್ಟಲ್ಲಾ ಮಾರಾಯ್ರೆ. ಶಾಲೆಯ ಮೆಟ್ಟಿಲು ಹತ್ತಿದವಳಾ ನಾನು?"

ನಲವತ್ತು ವರ್ಷದ ನೆರೆ. ಮಕ್ಕಳ ಹೆರಿಗೆಯಿಂದ ಹಿಡಿದು ಗಂಡಂದಿರ ಸಾವಿನವರೆಗೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿದ್ದೇವೆ. ಅವಳಿಗೆ ಬರೆಯಲು ಬರುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳದೆ ಅವಳ ಹೆಸರು ಬರೆದಿದ್ದೆ.

"ಸಹಿ ಚಂದ ಇತ್ತಂತೆ," ಅಂತ ನಕ್ಕಳು.

"ಮತ್ತೆ ಯಾಕೆ ಕೇಳ್ಲಿಲ್ಲ ನನ್ನ ಹತ್ರ?"

"ನೀವೇ ಹೇಳ್ತೀರಿ ಅಂತ ಇದ್ದೆ. ದಿನಾ ನಿಮ್ಮ ಮೆಟ್ಟಿಲಲ್ಲೇ ಕೂತುಕೊಳ್ಳುದಲ್ಲಾ. ಇವತ್ತು ಹೇಳ್ಬಹುದು, ನಾಳೆ ಹೇಳ್ಬಹುದು. ನೀವು ಚಾ ಕೊಟ್ರಿ."

ನೆಟ್‌ವರ್ಕ್ ಹೋಯಿತು ಅಂತ ಸುಳ್ಳು ಹೇಳಿ ಫೋನು ಇಟ್ಟೆ. ಹೌದು, ಅದೊಂದು ಸುಳ್ಳೂ ಹೇಳಿದೆ.

ಮತ್ತೊಂದು ಶನಿವಾರ

ಮಾರ್ಗರೆಟಕ್ಕನ ಕಫ ಕಡಿಮೆಯಾಗಿತ್ತು. ಹೊಳೆಯುವ ಗುಂಡಿಯ ನೀಲಿ ಕೋಟು, ತುಟಿಗೆ ಬಣ್ಣ. ಮದುವೆಗೆ ಹೊರಟ ಹಾಗೆ ಹೊರಟಳು. ಬಸ್ಸಿನಲ್ಲಿ ನಾನು ಟಿಕೇಟನ್ನು ಮಡಚುವುದು, ಬಿಡಿಸುವುದು ಮಾಡುತ್ತಾ ಕೂತೆ. "ನಿನಗೆ ಹುಷಾರಿಲ್ಲವಾ?" ಅಂತ ಎರಡು ಸಲ ಕೇಳಿದಳು.

ಪುರಭವನದ ಬಾಗಿಲಲ್ಲಿ ಈಗ ಒಂದು ಮೇಜು, ಪಟ್ಟಿ ಹಿಡಿದ ಇಬ್ಬರು. ಹಿಂದಿನ ವಾರ ಇದು ಇರಲಿಲ್ಲ. ಜನ ಸಾಲಿನಲ್ಲಿ ನಿಂತು ಹೆಸರು ಹೇಳುತ್ತಿದ್ದರು. ಹುಟ್ಟಿದಾಗಿನಿಂದ ಅದೇ ಊರಿನಲ್ಲಿರುವ ಮಾರ್ಗರೆಟಕ್ಕನೂ ಹೆಸರು ಹೇಳಿ, ವಿಳಾಸ ಹೇಳಿ, ಗುರುತು ಹಾಕಿಸಿಕೊಂಡಳು. ನನ್ನ ಕಡೆ ನೋಡಿ, "ನೀವು?" ಅಂದರು. "ನೋಡಲು ಬಂದವಳು," ಅಂದೆ. ಗೋಡೆಯ ಬದಿಯ ಕುರ್ಚಿ ತೋರಿಸಿದರು. ಕುರ್ಚಿಯನ್ನು ಚಿತ್ರಗಳಿಗೆ ಬೆನ್ನಾಗುವ ಹಾಗೆ ತಿರುಗಿಸಿ ಕೂತೆ.

ಸುಮಾರು ಹೊತ್ತಾಯಿತು. ಚಕ್ರದ ಸದ್ದು ಹತ್ತಿರ ಬಂತು. ಮಾರ್ಗರೆಟಕ್ಕ ಬೆರಳು ಮುಂದೆ ಚಾಚಿದಳು. ಬೆರಳ ತುದಿಯಲ್ಲಿ ಒಂದು ಹಸಿರು ಚುಕ್ಕಿ.

"ಎರಡು ಹಾಕಿದೆ. ಇದು ಒಂದು ಉಳಿದಿದೆ. ಕಾರಂಜಿಯೂ ಚಂದವೇ ಉಂಟು ನೋಡು. ಎಲ್ಲಿ ಹಾಕಲಿ, ಹೇಳು."

ನನ್ನ ಬಾಯಲ್ಲಿ ಉತ್ತರ ತಯಾರಿತ್ತು. ಬಸ್ಸಿಗೆ ಹಾಕು ಮಾರಾಯ್ತಿ, ಇನ್ನೆಲ್ಲಿಗೆ! ಕೊಡು ಇಲ್ಲಿ, ನಾನೇ ಹಾಕಿ ಬರುತ್ತೇನೆ! ಕೈ ಅರ್ಧ ಎದ್ದೂ ಇತ್ತು. ಅದರ ಮೇಲೆ ಇನ್ನೊಂದು ಕೈ ಇಟ್ಟು ಮಡಿಲಲ್ಲಿ ಅದುಮಿ ಹಿಡಿದೆ.

"ನಂಗೆ ಗೊತ್ತಿಲ್ಲ ಅಕ್ಕ."

"ಈಗ ಗೊತ್ತಿಲ್ಲವಾ?" ಅವಳು ಗಟ್ಟಿಯಾಗಿ ನಕ್ಕಳು, ಪಟ್ಟಿ ಹಿಡಿದವರೂ ತಿರುಗಿ ನೋಡಿದರು. "ಆ ದಿನ ಎಲ್ಲ ಗೊತ್ತಿತ್ತಲ್ಲ!"

ಗಾಡಿ ತಿರುಗಿಸಿಕೊಂಡು ಹೋದಳು. ಎಲ್ಲಿ ಹಾಕಿದಳು ಅಂತ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಪುತ್ತೂರು

ಫಲಿತಾಂಶ ಹೊರಬೀಳುವ ಮೊದಲೇ ನನ್ನ ಆರು ವಾರ ಮುಗಿದಿತ್ತು. ಊರಿಗೆ ಬಂದ ನಾಲ್ಕನೆಯ ದಿನ, ಬೆಳಿಗ್ಗೆ ಗೇಟಿನ ಹತ್ತಿರ ತೆಂಗಿನ ಗರಿ ಎಳೆದು ಬದಿಗೆ ಹಾಕುತ್ತಿದ್ದೆ. ಐಸಮ್ಮ ಪೇಟೆಯಿಂದ ಬಂದು ಎಂದಿನಂತೆ ಮೆಟ್ಟಿಲಲ್ಲಿ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಬಂದ ದಿನವೇ ಅವಳ ಮನೆಗೆ ಹೋಗಿ, ಫೋನಿನಲ್ಲಿ ನೆಟ್‌ವರ್ಕ್ ಹೋದದ್ದಲ್ಲ ಅಂತಲೂ ಹೇಳಿ, ಮಾರ್ಗರೆಟಕ್ಕನ ಕಥೆ ಪೂರ್ತಿ ಹೇಳಿದ್ದೆ. ಹಾಗಾಗಿ ಅವಳಿಗೂ ಆ ಬಸ್ಸಿನದ್ದೇ ಚಿಂತೆ. ದಿನಾ ಕೇಳುತ್ತಿದ್ದಳು.

ಫೋನು ಟಿಂಗ್ ಅಂದಿತು. ದೀಕ್ಷಾಳ ಮೆಸೇಜು. ಗಟ್ಟಿಯಾಗಿ ಓದಿದೆ. ಬಸ್ಸು ಚೌಕದಲ್ಲೇ ಉಳಿಯಿತು. ಮಾರ್ಗರೆಟ್ ಈ ಗುರುವಾರವೂ ತಲೆಗೂದಲು ಸರಿಮಾಡಿಸಲು ಹೋಗಿ ಬಂದರು.

"ಅಲ್‌ಹಂದುಲಿಲ್ಲಾ," ಅಂದಳು ಐಸಮ್ಮ. "ಎಷ್ಟರಲ್ಲಿ ಗೆದ್ದದ್ದು?"

"ಆರು ಚುಕ್ಕಿ."

"ನೀವು ಅಂಟಿಸಿದ್ದು?"

"ಒಂಬತ್ತು."

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಬರೆಯಲು ಬಾರದಿದ್ದರೂ ಲೆಕ್ಕದಲ್ಲಿ ಅವಳನ್ನು ಮೀರಿಸುವವರಿಲ್ಲ. ಕೆಳಗೆ, ಕಟ್ಟೆ ಇದ್ದ ಕಡೆ, ಕುಂಡಗಳು ಸಾಲಾಗಿ ನಿಂತಿದ್ದವು, ಎರಡರಲ್ಲಿ ಗಿಡ ಒಣಗಿತ್ತು. ಅವಳ ಉಸಿರು ಇನ್ನೂ ಸುಯ್ ಅನ್ನುತ್ತಿತ್ತು. ಸ್ವಲ್ಪ ಕಡಿಮೆಯಾದ ಮೇಲೆ ನನ್ನ ಮುಖ ನೋಡಿ ಕೇಳಿದಳು:

"ನಮ್ಮ ಪುಸ್ತಕದಲ್ಲಿ ಎಷ್ಟು ಸಹಿ ಉಂಟು ಕುಸುಮಕ್ಕ? ನಿಮ್ಮ ಕೈಯದ್ದು ಬಿಟ್ರೆ?"

ನಾನು ಯಾವತ್ತೂ ಎಣಿಸಿರಲಿಲ್ಲ. ಎದ್ದು, ಸೀರೆಯ ಧೂಳು ಕೊಡವಿ, ಪುಸ್ತಕ ತರಲು ಒಳಗೆ ಹೋದೆ.